ಕಲ್ಲಿನ ಎರಡು ಓದು

ಕಳೆದ ವರ್ಷ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬ ಜಡೆಯ ನಮ್ಮ ಮನೆಗೆ ಬಂದು, ನಮಸ್ಕರಿಸಿ, ಜಗಲಿಯ ಮೇಲೆ ಕುಳಿತ. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನಲ್ಲಿ ಕನ್ನಡ ಓದಿದವನು. ಮುಂದೆ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಪದವಿ ಪಡೆದವನು. ಕೇಂದ್ರ ಲೋಕಸೇವಾ ಆಯೋಗದವರು ಭೂವಿಜ್ಞಾನಿಗಳ ಆಯ್ಕೆಗಾಗಿ ನಡೆಸುವ ಸ್ಪರ್ಧಾ ಪರೀಕ್ಷೆಗೆ ಒಮ್ಮೆ ಕುಳಿತು, ತೇರ್ಗಡೆಯಾಗದೆ, ಎರಡನೆಯ ಸಲಕ್ಕೆ ಸಿದ್ಧನಾಗುತ್ತಿದ್ದ. ಕೈಯಲ್ಲಿ ದಪ್ಪನೆಯ ಗೈಡು ಇತ್ತು. ಮುಖದಲ್ಲಿ ಬಳಲಿಕೆ ಇತ್ತು.

"ಏನಪ್ಪಾ ಓದುತ್ತಿದ್ದೀಯೆ? ನನಗೂ ಒಂದಿಷ್ಟು ಹೇಳು" ಎಂದೆ. ಅವನು ಪುಸ್ತಕ ಮುಚ್ಚಿ, ಲ್ಯಾಟರೈಟ್ ಎಂಬ ಶಿಲೆಯ ಲಕ್ಷಣವನ್ನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದ. ಅಮರಕೋಶ ಒಪ್ಪಿಸುವ ಹುಡುಗರ ನೆನಪಾಯಿತು ನನಗೆ. "ಸರಿ, ನೀನು ಕುಳಿತಿರುವ ಈ ಜಗಲಿಯ ಕಟ್ಟೆ ಯಾವ ಕಲ್ಲಿನದು?" ಎಂದು ಕೇಳಿದೆ. ಅವನು ಕೆಳಗೆ ನೋಡಿ, "ಇದು ಜಂಬಿಟ್ಟಿಗೆ ಅಲ್ಲವೇ, ಮೇಷ್ಟ್ರೇ?" ಎಂದ. ಎರಡು ಕ್ಷಣ ಕಳೆದ ಮೇಲೆ ಅವನಿಗೇ ನಗು ಬಂತು. ಆಗ ತಾನೇ ಒಪ್ಪಿಸಿದ್ದು ಆ ಕಲ್ಲಿನ ಲಕ್ಷಣವನ್ನೇ. ಹುಟ್ಟಿದಂದಿನಿಂದ ಅದರ ಗೋಡೆಯೊಳಗೆ ಬೆಳೆದ ಹುಡುಗನಿಗೆ ಪುಸ್ತಕದ ಕಲ್ಲೂ ಮನೆಯ ಕಲ್ಲೂ ಒಂದೇ ಎಂಬುದು ಹೊಳೆದಿರಲಿಲ್ಲ.

ನಾನು ಕನ್ನಡ ಪಂಡಿತ; ಭೂವಿಜ್ಞಾನ ನನ್ನ ಶಾಸ್ತ್ರವಲ್ಲ. ಆದರೆ ಶಾಸನ ಓದುವ ಚಪಲ ಹಳೆಯದು. ಸೊರಬ, ಶಿಕಾರಿಪುರದ ಸೀಮೆಯಲ್ಲಿ ಹುಟ್ಟಿದವನಿಗೆ ಆ ಚಪಲ ಬರದಿದ್ದರೆ ಆಶ್ಚರ್ಯ. ಶಾಸನವೆಂದರೂ ಕಲ್ಲಿನ ಓದೇ ತಾನೆ? ಇಂಥ ಪರೀಕ್ಷೆಗೆ ಓದುವವನು ಏನನ್ನು ಕಲಿಯಬೇಕು ಎಂಬ ಪ್ರಶ್ನೆಯನ್ನು ಹಿಡಿದು, ಈ ವಿದ್ಯೆ ನಮ್ಮ ನಾಡಿನಲ್ಲಿ ಬೆಳೆದು ಬಂದ ಬಗೆಯನ್ನು ನಾನೂ ಅಷ್ಟಿಷ್ಟು ಓದಿದೆ. ಓದಿದಂತೆಲ್ಲ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಯಿತು: ಹೆಸರುಗಳನ್ನು ಕಲಿತರೆ ಸಾಲದು, ಆ ಹೆಸರು ಹುಟ್ಟಿದ ನೆಲವನ್ನೂ ಅದು ಹುಟ್ಟಲು ಕಾರಣವಾದ ವಾದವನ್ನೂ ಕಲಿಯಬೇಕು. ಈ ಮಾತಿಗೆ ಆಧಾರವಾದ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಜಂಬಿಟ್ಟಿಗೆಯ ಕಥೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಕಂಪನಿ ಸರಕಾರದವರು ಹೊಸದಾಗಿ ಕೈಸೇರಿದ ನಾಡಿನ ಬೆಳೆ, ಮಣ್ಣು, ಕಸುಬುಗಳ ವಿವರ ಬರೆದು ತರುವಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದರು. ೧೮೦೦ ಮತ್ತು ೧೮೦೧ರಲ್ಲಿ ಆತ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ. ಬನವಾಸಿ, ಚಂದ್ರಗುತ್ತಿ, ಇಕ್ಕೇರಿಗಳನ್ನು ಹಾದು ನಮ್ಮ ಸೀಮೆಯಲ್ಲೂ ನಡೆದ. ಮಲಬಾರಿನ ಅಂಗಡಿಪುರದಲ್ಲಿ ಅವನೊಂದು ವಿಚಿತ್ರವಾದ ಕಲ್ಲನ್ನು ಕಂಡ. ನೆಲದಲ್ಲಿರುವಾಗ ಮೆತ್ತಗೆ, ಕಬ್ಬಿಣದ ಹತಾರದಿಂದ ಕಡಿಯುವಷ್ಟು. ಗಾಳಿಗೆ ಬಿದ್ದ ಮೇಲೆ ಇಟ್ಟಿಗೆಗಿಂತ ಗಟ್ಟಿ. ಅಲ್ಲಿಯ ಜನ ಅದನ್ನು ಇಟ್ಟಿಗೆಕಲ್ಲು ಎನ್ನುತ್ತಿದ್ದರು. ಬುಕಾನನ್ ಆ ಮಾತನ್ನೇ ಲ್ಯಾಟಿನಿಗೆ ತಿರುಗಿಸಿದ. ಲ್ಯಾಟಿನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ, ಅದರಿಂದ ಲ್ಯಾಟರೈಟ್. ಅವನ ಪ್ರವಾಸಗ್ರಂಥ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಹೆಸರು ಲೋಕದ ಎಲ್ಲ ಪುಸ್ತಕಗಳಿಗೂ ಹೋಯಿತು.

ಇದನ್ನು ಹೇಳಿದಾಗ ನನ್ನ ಶಿಷ್ಯ ಬೆರಗಾದ. ನಮ್ಮ 'ಜಂಬಿಟ್ಟಿಗೆ'ಯಲ್ಲೂ ಇಟ್ಟಿಗೆ ಇದೆಯಲ್ಲ! ಅವನು ಕಷ್ಟಪಟ್ಟು ಬಾಯಿಪಾಠ ಮಾಡಿದ ಪರಭಾಷೆಯ ಪದ, ಈ ಕಡೆಯ ಕಲ್ಲುಕುಟಿಗರ ಮಾತಿನ ಅನುವಾದ. ಇನ್ನು ಲಕ್ಷಣವನ್ನು ಉರು ಹೊಡೆಯಬೇಕಾದ ಅಗತ್ಯವೇ ಇಲ್ಲ. ಬಿಸಿಲೂ ಮಳೆಯೂ ಸರದಿಯಂತೆ ಬರುವ ನಾಡಿನಲ್ಲಿ ನೀರು ಬಂಡೆಯೊಳಗೆ ಇಳಿದು, ಸಿಲಿಕ, ಸುಣ್ಣ, ಸೋಡಾ ಮೊದಲಾದ ಕರಗುವ ಅಂಶಗಳನ್ನು ತೊಳೆದೊಯ್ಯುತ್ತದೆ. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಉಳಿಯುತ್ತವೆ. ಕಬ್ಬಿಣ ಹೆಚ್ಚಾದರೆ ಕೆಂಪು ಜಂಬಿಟ್ಟಿಗೆ. ಅಲ್ಯೂಮಿನಿಯಂ ಹೆಚ್ಚಾದರೆ ಬಾಕ್ಸೈಟ್ ಅದಿರು. ನಮ್ಮೂರಿನಲ್ಲಿ ಬಾವಿ ತೋಡುವವನು ಮೇಲಿನಿಂದ ಕೆಳಕ್ಕೆ ಕಾಣುವುದು ಇದನ್ನೇ: ಮೊದಲು ಗಟ್ಟಿಯಾದ ಕೆಂಪು ಪದರ, ಅದರಡಿಯಲ್ಲಿ ಜೇಡಿ, ಅದರಡಿಯಲ್ಲಿ ಕೊಳೆತ ಬಂಡೆ, ಕೊನೆಗೆ ಹಸಿ ಬಂಡೆ. ಒಂದು ಬಾವಿಯ ಗೋಡೆಯನ್ನು ಕಣ್ಣಿಟ್ಟು ನೋಡಿದವನು ಆ ಪ್ರಶ್ನೆಗೆ ಎಂದಿಗೂ ತಪ್ಪು ಉತ್ತರ ಬರೆಯಲಾರ.

ಮುಂದಿನ ಘಟ್ಟ ೧೮೯೪. ಈ ಇಸವಿ ನನಗೆ ಬಹು ಪ್ರಿಯವಾದದ್ದು. ಆ ವರ್ಷ ಬಿ. ಎಲ್. ರೈಸ್ ಸಾಹೇಬರು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕದಂಬರ ಶಾಸನವನ್ನು ಕಂಡುಹಿಡಿದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಸ್ಥಾಪನೆಯಾಗಿ, ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರಾದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ ಅದು. ಒಂದೇ ಸಂಸ್ಥಾನದಲ್ಲಿ, ಒಂದೇ ವರ್ಷದಲ್ಲಿ, ಒಬ್ಬರು ಕಲ್ಲಿನ ಮೇಲಿನ ಅಕ್ಷರ ಓದಿದರು. ಇನ್ನೊಬ್ಬರು ಕಲ್ಲನ್ನೇ ಓದಲು ಕುಳಿತರು.

ಈ ಎರಡು ಓದಿಗೂ ನ್ಯಾಯ ಒಂದೇ. ತಾಳಗುಂದದ ಕಂಬದಲ್ಲಿ ಕಾಲದ ನಿರ್ದೇಶವಿಲ್ಲ. ಲಿಪಿಯ ರೂಪವನ್ನೂ ಶಾಸನದಲ್ಲಿ ಬರುವ ರಾಜರ ಹೆಸರುಗಳನ್ನೂ ಹಿಡಿದು ವಿದ್ವಾಂಸರು ಅದನ್ನು ಐದನೆಯ ಶತಮಾನಕ್ಕೆ ಸೇರಿಸಿದರು. ಭೂವಿಜ್ಞಾನದಲ್ಲಿ ಪಳೆಯುಳಿಕೆಗಳು ಮಾಡುವುದು ಇದೇ ಕೆಲಸ. ಇಂಗ್ಲೆಂಡಿನಲ್ಲಿ ಕಾಲುವೆ ತೋಡಿಸುತ್ತಿದ್ದ ವಿಲಿಯಂ ಸ್ಮಿತ್ ಎಂಬ ಸರ್ವೆಯರು, ಪ್ರತಿ ಪದರಕ್ಕೂ ಅದರದೇ ಆದ ಜೀವಿಗಳ ಗುರುತು ಇರುವುದನ್ನು ಕಂಡು, ೧೮೧೫ರಲ್ಲಿ ಒಂದು ದೊಡ್ಡ ಭೂಪಟವನ್ನೇ ಪ್ರಕಟಿಸಿದ. ಪದರಕ್ಕೆ ಪಳೆಯುಳಿಕೆ ಹೇಗೋ ಶಾಸನಕ್ಕೆ ಲಿಪಿ ಹಾಗೆ. ಮತ್ತೆ, ಒಂದು ಹಳೆಯ ಶಿಲ್ಪವನ್ನು ಕೆಡಿಸಿ ಅದರ ಮೇಲೆ ಅಕ್ಷರ ಕೊರೆದಿದ್ದರೆ ಅಕ್ಷರ ಶಿಲ್ಪಕ್ಕಿಂತ ಈಚಿನದು. ಹಾಗೆಯೇ ಒಂದು ಬಂಡೆಯನ್ನು ಸೀಳಿಕೊಂಡು ಇನ್ನೊಂದು ಬಂಡೆಯ ಎಳೆ ನುಗ್ಗಿದ್ದರೆ, ನುಗ್ಗಿದ್ದು ಕಿರಿಯದು. ಕಲ್ಲಿನೊಳಗಿನ ಯುರೇನಿಯಂ ಸೀಸವಾಗಿ ಬದಲಾಗುವ ಲೆಕ್ಕದಿಂದ ವಯಸ್ಸು ಹೇಳುವುದು ಶಾಸನದಲ್ಲಿ ಶಕವರ್ಷ ನೇರವಾಗಿ ಸಿಕ್ಕಿದ ಹಾಗೆ. ಶಾಸನಪಾಠ ಕೇಳಿದ ಹುಡುಗನಿಗೆ ಸ್ತರವಿಜ್ಞಾನ ಅಪರಿಚಿತವಾಗಬೇಕಾಗಿಲ್ಲ.

ಫೂಟ್ ಮಹಾಶಯರು ಮೈಸೂರಿಗೆ ಬರುವ ಮುಂಚೆ, ೧೮೫೧ರಲ್ಲಿ ಪ್ರಾರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದವರು. ೧೮೬೩ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಕೊಡಲಿಯನ್ನು ಕಂಡುಹಿಡಿದವರೂ ಅವರೇ. ಬಳ್ಳಾರಿ, ಧಾರವಾಡ ಸೀಮೆಗಳನ್ನು ಅಲೆದು, ಅಲ್ಲಿಯ ಕಬ್ಬಿಣ ಬೆರೆತ ಸೀಳುಗಲ್ಲುಗಳೆಲ್ಲ ಒಂದೇ ಕುಲಕ್ಕೆ ಸೇರಿದವೆಂದು ಗುರುತಿಸಿ, ೧೮೮೬ರಲ್ಲಿ ಅವಕ್ಕೆ ಧಾರವಾಡ ಎಂದು ಹೆಸರಿಟ್ಟರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಭೂಮಿಯ ಆದಿಕಾಲದ ಪಾಠ ನಡೆದರೂ ನಮ್ಮ ಒಂದು ಊರಿನ ಹೆಸರನ್ನು ಉಚ್ಚರಿಸದೆ ಮುಗಿಯುವುದಿಲ್ಲ. ಸೊರಬ, ಶಿಕಾರಿಪುರ, ಶಿವಮೊಗ್ಗಗಳ ನೆಲದಡಿ ಹಾಸಿರುವ ಸೀಳುಗಲ್ಲುಗಳೂ ಆ ಕುಲದವೇ.

ಇಲ್ಲಿಂದ ಮುಂದೆ ಒಂದು ಸ್ವಾರಸ್ಯವಾದ ವಾದ ಹುಟ್ಟಿತು. ಧಾರವಾಡದ ಕಲ್ಲು ಹಿರಿದೋ, ಅದರ ಸುತ್ತ ಬಯಲೆಲ್ಲ ಹರಡಿರುವ ಪಟ್ಟೆಪಟ್ಟೆಯ ನೈಸ್ ಕಲ್ಲು ಹಿರಿದೋ? ಧಾರವಾಡದ ಪದರಗಳು ನೈಸ್ ಮೇಲೆ ಕೂತಿವೆ, ಆದ್ದರಿಂದ ನೈಸೇ ಹಿರಿದು ಎಂಬುದು ಫೂಟ್ ಅವರ ಪಕ್ಷ. ಅವರ ನಂತರ ಇಲಾಖೆಯ ಮುಖ್ಯಸ್ಥರಾದ ಡಾಕ್ಟರ್ ಸ್ಮೀತ್ ಅವರು ೧೯೧೬ರಲ್ಲಿ ಮೈಸೂರಿನ ಭೂಚರಿತ್ರೆಯನ್ನು ಸಂಗ್ರಹವಾಗಿ ಬರೆದಾಗ ಈ ಪಕ್ಷವನ್ನು ತಿರುಗಿಸಿದರು. ನೈಸ್ ಕಲ್ಲು ಕರಗಿದ ರೂಪದಲ್ಲಿ ಧಾರವಾಡದೊಳಕ್ಕೆ ನುಗ್ಗಿರುವ ಜಾಗಗಳನ್ನು ಅವರು ಕಂಡಿದ್ದರು. ಆದಕಾರಣ ಧಾರವಾಡವೇ ಹಿರಿದು, ಅಷ್ಟೇ ಅಲ್ಲ, ಅದರ ಕಲ್ಲುಗಳೆಲ್ಲ ಬೆಂಕಿಯಿಂದ ಹುಟ್ಟಿದವು ಎಂದು ಪ್ರತಿಪಾದಿಸಿದರು. 'ಪೆನಿನ್ಸುಲರ್ ನೈಸ್' ಎಂಬ ಹೆಸರು ಕೊಟ್ಟವರೂ ಅವರೇ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತ ಬಂಡೆ ಇದೇ ಜಾತಿಯದು. ಈಗ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ವಯಸ್ಸು ಸುಮಾರು ೩೦೦ ಕೋಟಿ ವರ್ಷ.

ವಾದ ಅಲ್ಲಿಗೆ ನಿಲ್ಲಲಿಲ್ಲ. ನಮ್ಮವರೇ ಆದ ಸಿ. ಎಸ್. ಪಿಚ್ಚಮುತ್ತು, ಬಿ. ರಾಮರಾವ್ ಮೊದಲಾದವರು ಬೆಟ್ಟ ಹತ್ತಿ ನೋಡಿದರು. ಧಾರವಾಡದ ಕಲ್ಲುಗಳಲ್ಲಿ ಅಲೆಯ ಗುರುತು, ಹರಿವ ನೀರು ಮರಳನ್ನು ಓರೆಯಾಗಿ ಜೋಡಿಸಿದ ಗುರುತು, ಹೊಳೆಯಲ್ಲಿ ಉರುಳಿ ನುಣುಪಾದ ಉರುಟುಗಲ್ಲುಗಳ ಪದರ ಇವೆಲ್ಲ ಕಂಡವು. ಬೆಂಕಿಯಿಂದ ಹುಟ್ಟಿದ ಕಲ್ಲಿನಲ್ಲಿ ಅಲೆಯ ಗುರುತು ಎಲ್ಲಿಂದ ಬರಬೇಕು? ೧೯೪೦ರಲ್ಲಿ ರಾಮರಾಯರು ಮೈಸೂರಿನ ಆದಿಶಿಲೆಗಳನ್ನು ಕುರಿತು ಬರೆದ ಗ್ರಂಥದ ಹೊತ್ತಿಗೆ, ಧಾರವಾಡದಲ್ಲಿ ನೀರಿನಲ್ಲಿ ಶೇಖರವಾದ ಕಲ್ಲುಗಳೂ ಧಾರಾಳವಾಗಿವೆ ಎಂಬುದು ಸ್ಥಿರಪಟ್ಟಿತ್ತು. ಆಮೇಲೆ ವಯಸ್ಸಿನ ಲೆಕ್ಕ ಬಂತು. ನೈಸ್ ಒಂದೇ ಕಾಲದ್ದಲ್ಲ. ಸುಮಾರು ೩೪೦ ಕೋಟಿ ವರ್ಷಗಳಿಂದ ೨೫೦ ಕೋಟಿ ವರ್ಷಗಳವರೆಗೆ ಹಲವು ಸಲ ಹುಟ್ಟಿದೆ. ಬಾಬಾಬುಡನ್ ಬೆಟ್ಟದ ಬುಡದಲ್ಲಿ ಧಾರವಾಡದ ಉರುಟುಗಲ್ಲಿನ ಪದರ ಹಳೆಯ ನೈಸ್ ಮೇಲೆಯೇ ಕೂತಿದೆ. ಬೇರೆಡೆ ಕಿರಿಯ ಗ್ರಾನೈಟುಗಳು ಧಾರವಾಡದೊಳಕ್ಕೆ ನುಗ್ಗಿವೆ. ಧಾರವಾಡಕ್ಕಿಂತಲೂ ಹಿರಿಯದಾದ ಸರಗೂರು ಎಂಬ ಇನ್ನೊಂದು ಕುಲವನ್ನೂ ಬೇರೆಯಾಗಿ ಗುರುತಿಸಿದರು. ಹಾಗೆ ನೋಡಿದರೆ ಫೂಟರೂ ಸ್ಮೀತರೂ ತಾವು ಕಂಡಲ್ಲಿ ಸರಿಯಾಗಿಯೇ ಕಂಡಿದ್ದರು. ಒಂದು ಕಡೆ ಕಂಡದ್ದನ್ನು ಎಲ್ಲ ಕಡೆಗೂ ಹಬ್ಬಿಸಿದಲ್ಲಿ ತೊಡಕಾಯಿತು.

ಈ ಕಥೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ನನ್ನ ಶಿಷ್ಯನ ಗೈಡಿನಲ್ಲಿ ಈ ಎಲ್ಲ ಸಂಗತಿ ಮೂರು ಸಾಲಿನ ಒಂದು ಕೋಷ್ಟಕವಾಗಿತ್ತು. ಕೆಳಗೆ ಸರಗೂರು, ಅದರ ಮೇಲೆ ಬಾಬಾಬುಡನ್, ಅದರ ಮೇಲೆ ಚಿತ್ರದುರ್ಗ. ಅವನು ಕೋಷ್ಟಕವನ್ನು ಕಲಿತಿದ್ದ, ಆದರೆ ಪ್ರಶ್ನೆ ಸ್ವಲ್ಪ ತಿರುವಿದ ಕೂಡಲೆ, "ಅದು ಕೆಳಗಿನದೆಂದು ಹೇಗೆ ಗೊತ್ತು?" ಎಂದ ಕೂಡಲೆ, ಕೈ ನಿಂತುಹೋಗಿತ್ತು. ವಾದ ತಿಳಿದವನಿಗೆ ಕೋಷ್ಟಕ ತಾನಾಗಿ ನೆನಪಿರುತ್ತದೆ. ಕೋಷ್ಟಕ ಮಾತ್ರ ತಿಳಿದವನಿಗೆ ವಾದ ಹೊಳೆಯುವುದಿಲ್ಲ.

ಈಗ ಪರೀಕ್ಷೆಯ ಸ್ವರೂಪವನ್ನು ನೋಡೋಣ. ಸರಕಾರಿ ಕೆಲಸಕ್ಕೆ ಸ್ಪರ್ಧೆಯಿಂದ ಜನರನ್ನು ಆರಿಸುವ ಪದ್ಧತಿ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನ ೧೮೯೧ರಲ್ಲೇ ತನ್ನ ಸಿವಿಲ್ ಸರ್ವಿಸಿಗೆ ಅಂಥ ಪರೀಕ್ಷೆ ಪ್ರಾರಂಭಿಸಿತು. ಇಡೀ ದೇಶಕ್ಕೆ ಲೋಕಸೇವಾ ಆಯೋಗ ಬಂದದ್ದು ೧೯೨೬ರಲ್ಲಿ. ಈಗಿನ ಕ್ರಮದಂತೆ ಭೂವಿಜ್ಞಾನಿಗಳ ಪರೀಕ್ಷೆಗೆ ಮೂರು ಮೆಟ್ಟಿಲು. ಮೊದಲನೆಯದರಲ್ಲಿ ಸಾಮಾನ್ಯ ಜ್ಞಾನಕ್ಕೆ ೧೦೦, ವಿಷಯಕ್ಕೆ ೩೦೦ ಅಂಕ. ಉತ್ತರವನ್ನು ಆರಿಸಿ ಗುರುತು ಹಾಕುವ ಪ್ರಶ್ನೆಗಳು. ತಪ್ಪಿಗೆ ಅಂಕ ಕಳೆಯುತ್ತಾರೆ. ಎರಡನೆಯದರಲ್ಲಿ ವಿವರವಾಗಿ ಬರೆಯುವ ಮೂರು ಪತ್ರಿಕೆ, ಒಂದೊಂದಕ್ಕೂ ೨೦೦ ಅಂಕ. ಕೊನೆಗೆ ೨೦೦ ಅಂಕದ ಸಂದರ್ಶನ. ಒಟ್ಟು ೧೨೦೦.

ಮೂರು ಪತ್ರಿಕೆಗಳ ವಿಷಯಪಟ್ಟಿ ನೋಡಿದರೆ ಗಾಬರಿಯಾಗುತ್ತದೆ. ಆದರೆ ಅದು ಮೂರು ಪ್ರಶ್ನೆಗಳ ವಿಸ್ತಾರವೆಂದು ನನಗೆ ತೋರಿತು. ಒಂದನೆಯ ಪತ್ರಿಕೆ: ನೆಲ ಹೇಗೆ ಕೊರೆಯಿತು, ಹೇಗೆ ಮಡಿಚಿತು, ಯಾವುದರ ಮೇಲೆ ಯಾವುದು ಕೂತಿತು? ಭೂರೂಪ, ಶಿಲಾರಚನೆ, ಸಂಚಯ, ಪಳೆಯುಳಿಕೆ, ಸ್ತರಕ್ರಮ ಇದರೊಳಗೆ ಬರುತ್ತವೆ. ಎರಡನೆಯದು: ಕಲ್ಲು ಯಾವುದರಿಂದ ಆಯಿತು, ಯಾವ ಶಾಖದಲ್ಲಿ, ಯಾವ ಒತ್ತಡದಲ್ಲಿ? ಖನಿಜ, ಭೂರಸಾಯನ, ಅಗ್ನಿಶಿಲೆ, ರೂಪಾಂತರಶಿಲೆ, ಭೂಮಿಯ ಒಳಗಿನ ಚಲನೆ ಇಲ್ಲಿಯ ವಿಷಯಗಳು. ಮೂರನೆಯದು: ಇದರಿಂದ ಮನುಷ್ಯನಿಗೆ ಲಾಭವೇನು, ಅಪಾಯವೇನು? ಅದಿರು, ಅದನ್ನು ಹುಡುಕುವ ಕ್ರಮ, ಇಂಧನ, ಅಣೆಕಟ್ಟಿನ ತಳಪಾಯ, ಭೂಕುಸಿತ, ಭೂಕಂಪ. ನೀರಿನ ವಿಭಾಗವನ್ನು ಆರಿಸಿಕೊಂಡವರಿಗೆ ಅಂತರ್ಜಲದ ಪತ್ರಿಕೆ ಪ್ರತ್ಯೇಕ.

ಈ ಮೂರಕ್ಕೂ ಉದಾಹರಣೆ ಹುಡುಕಲು ನಮ್ಮ ಹುಡುಗರು ದೂರ ಹೋಗಬೇಕಾದ್ದಿಲ್ಲ. ಇಕ್ಕೇರಿಯ ಹತ್ತಿರ ಹುಟ್ಟುವ ವರದೆ ಸಮುದ್ರವನ್ನು ಬೆನ್ನ ಹಿಂದೆ ಬಿಟ್ಟು ಪೂರ್ವಕ್ಕೆ ಹರಿದು ತುಂಗಭದ್ರೆಯನ್ನು ಸೇರುತ್ತಾಳೆ. ನೆರೆಯ ಶರಾವತಿ ಪಶ್ಚಿಮಕ್ಕೆ ತಿರುಗಿ ಜೋಗದಲ್ಲಿ ೨೫೩ ಮೀಟರು ಧುಮುಕುತ್ತಾಳೆ. ಘಟ್ಟದ ನೀರ್ದಾರಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರವುಂಟೆ? ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯ ಬಳಪದ ಕಲ್ಲಿನದು. ಉಗುರಿಗೂ ಗೀರು ಬೀಳುವಷ್ಟು ಮೃದುವಾದ ಟಾಲ್ಕ್ ಎಂಬ ಖನಿಜ ಅದರಲ್ಲಿರುವುದರಿಂದಲೇ ಶಿಲ್ಪಿಯ ಉಳಿ ಅಷ್ಟು ನಯವಾಗಿ ಆಡಿದ್ದು. ರೂಪಾಂತರಶಿಲೆಯ ಪಾಠ ಅಲ್ಲಿದೆ. ಕುಂಸಿಯ ಮ್ಯಾಂಗನೀಸು, ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ ೧೯೨೩ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಇವು ಮೂರನೆಯ ಪತ್ರಿಕೆಯ ಪಾಠ. ಹಳೆಯ ಗೈಡುಗಳ ವಿಷಯದಲ್ಲಿ ಒಂದು ಎಚ್ಚರ ಹೇಳಬೇಕು. ನನ್ನ ಶಿಷ್ಯನ ಪುಸ್ತಕದಲ್ಲಿ ಕೋಲಾರದ ಗಣಿ ಇನ್ನೂ ಚಿನ್ನ ತೆಗೆಯುತ್ತಿತ್ತು! ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿ ೨೦೦೧ರ ಫೆಬ್ರವರಿಯ ಕೊನೆಗೆ ಮುಚ್ಚಿತು. ರಾಜ್ಯದಲ್ಲಿ ಚಿನ್ನದ ಗಣಿಯೆಂದರೆ ಈಗ ಹಟ್ಟಿ.

ಭಾಷೆಯ ಮಾತನ್ನು ಎತ್ತದಿದ್ದರೆ ಕನ್ನಡದ ಮೇಷ್ಟ್ರು ಕರ್ತವ್ಯಲೋಪ ಮಾಡಿದ ಹಾಗಾಗುತ್ತದೆ. ಐ.ಎ.ಎಸ್. ಪರೀಕ್ಷೆಯ ಮುಖ್ಯ ಘಟ್ಟದಲ್ಲಿ ಭೂವಿಜ್ಞಾನವನ್ನು ಐಚ್ಛಿಕವಾಗಿ ತೆಗೆದುಕೊಂಡವನು ಕನ್ನಡದಲ್ಲಿ ಉತ್ತರ ಬರೆಯಬಹುದು. ಭೂವಿಜ್ಞಾನಿಗಳ ಈ ಪರೀಕ್ಷೆಯಲ್ಲಿ ಮಾತ್ರ ಪ್ರಶ್ನೆಯೂ ಇಂಗ್ಲಿಷು, ಉತ್ತರವೂ ಇಂಗ್ಲಿಷು. "ಪಟ್ಟಣದ ಹುಡುಗರ ಮುಂದೆ ನಾನು ಎಲ್ಲಿ ನಿಲ್ಲುತ್ತೇನೆ, ಮೇಷ್ಟ್ರೇ?" ಎಂದು ನನ್ನ ಶಿಷ್ಯ ಕೇಳಿದಾಗ ಅವನ ದನಿ ತಗ್ಗಿತ್ತು. ಅವನನ್ನು ಕುಗ್ಗಿಸಿದ್ದು ಹಿಂದಿನ ಸಲದ ಸೋಲಿಗಿಂತ ಹೆಚ್ಚಾಗಿ ಈ ಯೋಚನೆ.

ನಾನು ವ್ಯಾಕರಣದ ದಾರಿ ಹಿಡಿದೆ. ಹೊಸಗನ್ನಡದ ಹುಡುಗನಿಗೆ ಹಳಗನ್ನಡ ಕಲಿಸುವಾಗ ನಾವು ಪದವನ್ನು ಬಿಡಿಸುತ್ತೇವಷ್ಟೆ? ಇಲ್ಲಿಯೂ ಹಾಗೆಯೇ. ಗ್ರಾನೈಟ್ ಎಂದರೆ ಲ್ಯಾಟಿನಿನ ಕಾಳು ಎಂಬ ಪದದಿಂದ ಬಂದದ್ದು. ಕಾಳುಕಾಳಾಗಿ ಕಾಣುವ ಕಲ್ಲು. ಶಿಸ್ಟ್ ಎಂಬುದರ ಧಾತು ಗ್ರೀಕಿನ ಸೀಳು, ನಮ್ಮ ಸೀಳುಗಲ್ಲು. ಲಿಥ್ ಎಂದರೆ ಕಲ್ಲು, ಮೆಟಾ ಎಂದರೆ ಬದಲು, ಮಾರ್ಫ್ ಎಂದರೆ ರೂಪ. ರೂಪಾಂತರ ಎಂಬ ನಮ್ಮ ಪದ ಅದರ ನೇರ ಛಾಯೆ. ಹತ್ತಿಪ್ಪತ್ತು ಧಾತುಗಳನ್ನು ಹಿಡಿದರೆ ನೂರಾರು ಪದಗಳು ಬಾಗಿಲು ತೆರೆಯುತ್ತವೆ. ದಿನಕ್ಕೊಂದು ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ನನಗೆ ಬಿಡಿಸಿ ಹೇಳಬೇಕು, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆದು ತೋರಿಸಬೇಕು ಎಂದು ಕಟ್ಟಳೆ ಮಾಡಿದೆವು. ಕನ್ನಡದಲ್ಲಿ ತಡವರಿಸಿದ ಕಡೆಯೆಲ್ಲ ಅವನಿಗೆ ವಿಷಯವೇ ತಿಳಿದಿರಲಿಲ್ಲ. ಕನ್ನಡದಲ್ಲಿ ಸಲೀಸಾಗಿ ಹೇಳಿದ್ದು ಇಂಗ್ಲಿಷಿನಲ್ಲಿಯೂ ನಾಲ್ಕಾರು ತಪ್ಪಿನೊಡನೆ ಬಂದೇ ಬಂತು. ತೊಂದರೆ ಎಷ್ಟು ಪಾಲು ಭಾಷೆಯದು, ಎಷ್ಟು ಪಾಲು ತಿಳಿವಳಿಕೆಯದು ಎಂದು ಬೇರ್ಪಡಿಸಿಕೊಂಡ ಮೇಲೆ ಅವನ ಅಂಜಿಕೆ ಅರ್ಧ ಇಳಿಯಿತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಇಬ್ಬರೂ ಆನವಟ್ಟಿ, ಶಿರಾಳಕೊಪ್ಪಗಳ ಮಾರ್ಗವಾಗಿ ತಾಳಗುಂದಕ್ಕೆ ಹೋದೆವು. ದಾರಿಯುದ್ದಕ್ಕೂ ಹೊಲಗಳಲ್ಲಿ ಕೊಳವೆಬಾವಿಯ ಕೊಳವೆಗಳು. ಬತ್ತಿದ್ದೆಷ್ಟೋ, ನೀರು ಬಂದದ್ದೆಷ್ಟೋ. ಸಾಲ ಮಾಡಿ ಕೊರೆಸುವ ರೈತನಿಗೆ ಬಂಡೆಯ ಬಿರುಕು ಎಲ್ಲಿದೆಯೆಂದು ಹೇಳಬಲ್ಲವನು ಅವನ ಮನೆಮಾತಿನಲ್ಲಿ ಹೇಳಿದರೆ ಎಷ್ಟು ಮನೆಗಳು ಉಳಿದಾವು! ಇದು ಸಂಬಳದ ಕೆಲಸ ಮಾತ್ರವಲ್ಲ ಎಂದು ನಾನು ಹೇಳಬೇಕಾಗಲಿಲ್ಲ; ಅವನೇ ಕಿಟಕಿಯಿಂದ ನೋಡುತ್ತ ಆ ಮಾತು ಆಡಿದ.

ತಾಳಗುಂದದ ಕಂಬದ ಮುಂದೆ ನಿಂತು, ವಿದ್ಯೆಗಾಗಿ ಗುರುವಿನೊಡನೆ ಕಂಚಿಗೆ ಹೋದ ಮಯೂರಶರ್ಮನ ಪ್ರಸಂಗವನ್ನು ವಾಡಿಕೆಯಂತೆ ಹೇಳಿದೆ. ಹತ್ತಿರದ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ನಾಲ್ಕು ವೇದ, ಹಲವು ವ್ಯಾಕರಣ, ಷಡ್ದರ್ಶನಗಳ ಪಾಠ ನಡೆಯುತ್ತಿದ್ದುದನ್ನು ೧೧೬೨ರ ಶಾಸನ ಪಟ್ಟಿ ಮಾಡಿದೆ ಎಂದೂ ಹೇಳಿದೆ. ಈ ಸೀಮೆಗೆ ದೊಡ್ಡ ಪಠ್ಯಪಟ್ಟಿಗಳ ಭಯ ಎಂದೂ ಇರಲಿಲ್ಲ. ಆಗ ಅವನು ಕಂಬದ ಹತ್ತಿರ ಬಾಗಿ, "ಮೇಷ್ಟ್ರೇ, ಇದು ಬೂದುಬಣ್ಣದ ಗಟ್ಟಿ ಗ್ರಾನೈಟು. ಇದನ್ನು ಬಿಟ್ಟು ಜಂಬಿಟ್ಟಿಗೆಯಲ್ಲಿ ಕೊರೆದಿದ್ದರೆ ಒಂದು ಅಕ್ಷರವೂ ಉಳಿಯುತ್ತಿರಲಿಲ್ಲ" ಎಂದ. ಬೆಣಚು ಯಾವುದು, ಫೆಲ್ಡ್‌ಸ್ಪಾರ್ ಯಾವುದು, ಕಾಗೆಬಂಗಾರ ಯಾವುದು ಎಂದು ತೋರಿಸುತ್ತ ಹೋದ. ಕರಗಿದ ಕಲ್ಲು ನೆಲದಾಳದಲ್ಲಿ ನಿಧಾನವಾಗಿ ಆರಿದ್ದರಿಂದ ಕಾಳುಗಳು ದಪ್ಪವಾದವೆಂದು ಕನ್ನಡದಲ್ಲೇ ವಿವರಿಸಿದ. ನಾನು ಶಿಷ್ಯನಾಗಿ ಕೇಳಿದೆ. ಅನೇಕ ವರ್ಷ ಈ ಶಾಸನದ ಪಾಠ ಹೇಳಿದ ನಾನು, ಅದನ್ನು ಕೊರೆದ ಕಲ್ಲು ಯಾವುದೆಂದು ಮಕ್ಕಳನ್ನು ಒಮ್ಮೆಯೂ ಕೇಳಿರಲಿಲ್ಲ.

ಅವನು ಮತ್ತೆ ಪರೀಕ್ಷೆಗೆ ಕುಳಿತಿದ್ದಾನೆ. ಫಲ ಏನಾಗುವುದೋ ಕಾದು ನೋಡಬೇಕು. ನಮ್ಮ ಶಾಲೆಯಲ್ಲಿ ಈಗ ಶಾಸನದ ಪಾಠ ಬಂದಾಗ, ಮೊದಲನೆಯ ಪ್ರಶ್ನೆ ಅಕ್ಷರದ ಮೇಲಲ್ಲ, ಕಲ್ಲಿನ ಮೇಲೆ.